ಸೋಲೇರಿಯಂ ಕಾರ್ಡ್: ಎದುರಿನವರು ಮಾತಾಡಲಿ, ನೀವು ಕೇಳಿ

ಸುವಾರ್ತೆ ಸಾರಲು ಹೊರಟವರ ಕೈಯಲ್ಲಿ ಸಾಮಾನ್ಯವಾಗಿ ಕಾಣುವುದು ಕರಪತ್ರ, ಇಲ್ಲವೇ ಇವ್ಯಾಂಜಿಕ್ಯೂಬ್. ಎಂಟು ಪುಟ್ಟ ಘನಗಳನ್ನು ಬೆಸೆದ ಆ ಕ್ಯೂಬನ್ನು ಬಿಡಿಸುತ್ತ ಹೋದರೆ ಪಾಪ, ಶಿಲುಬೆ, ಸಮಾಧಿ, ಪುನರುತ್ಥಾನ ಮುಂತಾಗಿ ಏಳು ಚಿತ್ರ ಬರುತ್ತವೆ. ಮಕ್ಕಳಿಗೆ ಅದೆಂದರೆ ಬಲು ಇಷ್ಟ. ದೊಡ್ಡವರು ಮಾತ್ರ ಎರಡನೇ ಮಡಿಕೆಗೇ ಗಡಿಯಾರ ನೋಡುತ್ತಾರೆ, ಏಕೆಂದರೆ ಅವರಿಗೆ ಅಲ್ಲಿ ಕೆಲಸವೇ ಇಲ್ಲ.

ಸೋಲೇರಿಯಂ ಎಂಬ ಫೋಟೊ ಕಾರ್ಡುಗಳಲ್ಲಿ ಕೆಲಸವೆಲ್ಲ ಎದುರಿನವರದ್ದೇ. ಹಿಂದೆ ಕ್ಯಾಂಪಸ್ ಕ್ರುಸೇಡ್ ಎನಿಸಿಕೊಂಡಿದ್ದ, 1951ರಲ್ಲಿ ಲಾಸ್ ಏಂಜಲೀಸ್‌ನ ವಿಶ್ವವಿದ್ಯಾಲಯವೊಂದರಲ್ಲಿ ಶುರುವಾದ ಕ್ರೂ ಎಂಬ ಕ್ರೈಸ್ತ ಸಂಸ್ಥೆಯ ತಯಾರಿಕೆ ಇದು: 50 ಫೋಟೊ, 5 ಪ್ರಶ್ನೆ. ಈಗಿನ ನಿಮ್ಮ ಬದುಕನ್ನು ಹೇಳುವ ಮೂರು ಚಿತ್ರ ಆರಿಸಿ. ಬದುಕಲ್ಲಿ ಇರಬೇಕಿತ್ತು ಅನ್ನಿಸುವುದಕ್ಕೆ ಇನ್ನು ಮೂರು. ದೇವರು ಹೇಗೆಂದು ಹೇಳುವುದಕ್ಕೆ ಒಂದು. ಉಳಿದೆರಡು ಪ್ರಶ್ನೆ ದೇವರ ಜೊತೆಗಿನ ನಂಟಿನ ಬಗ್ಗೆ: ಈಗ ಹೇಗಿದೆ, ಹೇಗಿರಬೇಕಿತ್ತು, ಒಂದೊಂದಕ್ಕೂ ಒಂದೊಂದು ಚಿತ್ರ.

ಐವತ್ತೂ ಕಾರ್ಡ್ ಒಟ್ಟಿಗೆ ಕಾಣುವಂತೆ ಹರಡಬೇಕು. ಪುಟ್ಟ ಕಾಫಿ ಟೇಬಲ್ ಸಾಲದು. ಊಟದ ಮೇಜು ಅಥವಾ ಚಾಪೆ ಬೇಕು. ಪಾರ್ಕಿನಲ್ಲಾದರೆ ಗಾಳಿಯದ್ದೇ ಕಾಟ. ಜಾಗ ಸಾಲದೆಂದು ಇಪ್ಪತ್ತೇ ಹರಡುವವರುಂಟು. ಆಗ ಜನ ಮನಸ್ಸಿಗೆ ಹತ್ತಿರವಾದದ್ದನ್ನು ಬಿಟ್ಟು, ಇದ್ದುದರಲ್ಲೇ ಒಂದನ್ನು ಎತ್ತಿಕೊಡುತ್ತಾರೆ. ಅರ್ಧ ಗಂಟೆ ಬಿಡುವಿದೆಯೇ ಎಂದು ಮೊದಲೇ ಕೇಳಿ. ನೀವು ಕ್ರೈಸ್ತರು ಎಂಬುದನ್ನೂ ಆಗಲೇ ಹೇಳಿಬಿಡಿ. 'ಸಮೀಕ್ಷೆ' ಎಂದು ಕೂರಿಸಿ ಐದನೇ ಪ್ರಶ್ನೆಗೆ ಬೈಬಲ್ ತೆಗೆದರೆ, ಮೋಸಹೋದೆ ಅಂದುಕೊಂಡು ಎದ್ದುಹೋಗುತ್ತಾರೆ, ತಪ್ಪು ಅವರದ್ದಲ್ಲ.

ಹೆಚ್ಚು ಕೆಡುವುದು ಮೂರನೇ ಪ್ರಶ್ನೆಯಲ್ಲಿ. ದೇವರಿಗೆಂದು ಒಬ್ಬರು ಮುಚ್ಚಿದ ಬಾಗಿಲಿನಂಥ ಚಿತ್ರ ಎತ್ತಿಕೊಂಡರು ಅನ್ನಿ. 'ಇಲ್ಲ ಇಲ್ಲ, ದೇವರು ಹಾಗಲ್ಲ' ಎಂದು ತಿದ್ದಲು ನಾಲಿಗೆ ತುರಿಸುತ್ತದೆ. ತಿದ್ದಿದಿರೋ, ಮುಂದಿನ ಎರಡು ಪ್ರಶ್ನೆಗೆ ಸಭ್ಯ ಉತ್ತರ ಮಾತ್ರ ಸಿಗುತ್ತದೆ. 'ಇದನ್ನೇ ಯಾಕೆ ಆರಿಸಿದಿರಿ?' ಎಂದಷ್ಟೇ ಕೇಳಿ ಸುಮ್ಮನಿರಿ. ಆರಿಸಿದ ಕಾರ್ಡುಗಳನ್ನು ರಾಶಿಗೆ ಸೇರಿಸದೆ ಅವರ ಮುಂದೆಯೇ ಬಿಡಿ. ಮೊದಲಲ್ಲಿ ಆರಿಸಿದ್ದನ್ನೇ ಕೊನೆಯಲ್ಲಿ ಮತ್ತೆ ಎತ್ತಿಕೊಂಡರೆ ಅಲ್ಲಿಂದಲೇ ಮಾತು ಮುಂದುವರಿಸಬಹುದು. ಐದೂ ಮುಗಿದ ಮೇಲೆ, 'ನನ್ನ ನಂಬಿಕೆಯ ಬಗ್ಗೆ ಎರಡು ಮಾತು ಹೇಳಲೇ?' ಎಂದು ಅನುಮತಿ ಕೇಳಿ. ಬೇಡವೆಂದರೆ ಕಾರ್ಡ್ ಕಟ್ಟಿಕೊಂಡು ಥ್ಯಾಂಕ್ಸ್ ಹೇಳುವುದು.

ಕರ್ನಾಟಕದಲ್ಲಿ ಬಳಸುವವರಿಗೆ ಇನ್ನೊಂದು ಮಾತು: ಕೊನೆಗೆ ಪೆನ್ನು, ತಿಂಡಿ ಏನೂ ಕೊಡಬೇಡಿ. 2022ರ ಮತಾಂತರ ನಿಷೇಧ ಕಾಯ್ದೆ ಉಡುಗೊರೆಯನ್ನೂ ಆಮಿಷದ ಪಟ್ಟಿಗೆ ಸೇರಿಸಿತ್ತು. 2023ರಲ್ಲಿ ಅದನ್ನು ಹಿಂಪಡೆಯಲು ಸಚಿವ ಸಂಪುಟ ತೀರ್ಮಾನಿಸಿದರೂ ಎಚ್ಚರ ತಪ್ಪುವುದು ಬೇಡ.

ಕಾಲೇಜು ವಯಸ್ಸಿನವರಿಗೆ, ನಗರದ ಕಚೇರಿ ಗೆಳೆಯರಿಗೆ ಇದು ಚೆನ್ನಾಗಿ ಒಗ್ಗುತ್ತದೆ. ಕನ್ನಡಕ ಮರೆತು ಬಂದ ಹಿರಿಯರ ಮುಂದೆ ಐವತ್ತು ಫೋಟೊ ಹರಡಿದರೆ ಗೊಂದಲವೇ ಹೆಚ್ಚು. ಅವರ ಜೊತೆ ನೇರ ಮಾತೇ ಲೇಸು. ಬಸ್ಸು, ರೈಲಿನಲ್ಲಂತೂ ಪೆಟ್ಟಿಗೆ ತೆರೆಯಲೇಬೇಡಿ, ಸಾಕಾದಾಗ ಎದ್ದುಹೋಗಲು ಅಲ್ಲಿ ಯಾರಿಗೂ ದಾರಿಯಿಲ್ಲ.