ದೇವರುಗಳಿಗೇ ಬೆಂಕಿ ವಾಪಸ್ ಕೊಡಲು ಹೊರಟ ಮುದುಕರು: ‘ದಿ ಲಾಸ್ಟ್ ಹೀರೋ’

ಇಂಗ್ಲಿಷ್ ಲೇಖಕ ಟೆರ್ರಿ ಪ್ರಾಚೆಟ್ ಅವರ ಸಚಿತ್ರ ಕಾದಂಬರಿ ‘ದಿ ಲಾಸ್ಟ್ ಹೀರೋ’ ಓದಿದವರು ಸಾಮಾನ್ಯವಾಗಿ ಎರಡು ಮಾತು ಹೇಳುತ್ತಾರೆ. ಚಿತ್ರಗಳು ಅದ್ಭುತ, ಕಥೆ ಮಾತ್ರ ಸ್ವಲ್ಪ ತೆಳು. ಎರಡೂ ಸುಳ್ಳಲ್ಲ. ಆದರೆ ಇಲ್ಲಿ ಅರ್ಧ ಕಥೆಯನ್ನು ಹೇಳಿರುವುದೇ ಪಾಲ್ ಕಿಡ್ಬಿ ಅವರ ಚಿತ್ರಗಳು. ಬರೀ ಅಕ್ಷರ ಓದಿಕೊಂಡು ಪುಟ ತಿರುಗಿಸುತ್ತಾ ಹೋದರೆ ತೆಳುವಾಗಿ ಕಾಣದೆ ಇನ್ನೇನಾಗುತ್ತೆ?

ಕಥೆ ಹೀಗಿದೆ. ಡಿಸ್ಕ್‌ವರ್ಲ್ಡ್ ಒಂದು ಚಪ್ಪಟೆ ಲೋಕ. ನಾಲ್ಕು ಆನೆಗಳು ಅದನ್ನು ಹೊತ್ತಿವೆ, ಆನೆಗಳನ್ನು ಒಂದು ದೈತ್ಯ ಆಮೆ ಹೊತ್ತಿದೆ. ಲೋಕದ ನಟ್ಟನಡುವೆ ಎತ್ತರದ ಬೆಟ್ಟ, ಅದರ ನೆತ್ತಿಯ ಮೇಲೆ ದೇವರುಗಳ ವಾಸ. ಹಿಂದೊಮ್ಮೆ ಮೊದಲ ವೀರ ದೇವರುಗಳಿಂದ ಬೆಂಕಿ ಕದ್ದು ಮನುಷ್ಯರಿಗೆ ಕೊಟ್ಟಿದ್ದ. ಈಗ ಕೊಹೆನ್ ಎಂಬ ಮುದಿ ಬಾರ್ಬೇರಿಯನ್ ಮತ್ತು ಅವನ ಅಷ್ಟೇ ಮುದಿ ಗೆಳೆಯರ ‘ಸಿಲ್ವರ್ ಹೋರ್ಡ್’ ಆ ಬೆಂಕಿಯನ್ನು ವಾಪಸ್ ಕೊಡಲು ಹೊರಟಿದೆ, ಅದೂ ಬಡ್ಡಿ ಸಮೇತ. ಬಡ್ಡಿ ಅಂದರೆ ಒಂದು ಪೀಪಾಯಿ ಸ್ಫೋಟಕ. ಅದು ಅಲ್ಲಿ ಸಿಡಿದರೆ ದೇವರುಗಳಷ್ಟೇ ಅಲ್ಲ, ಇಡೀ ಲೋಕವೇ ಮುಗಿದಂತೆ. ಈ ವಿಷಯ ಮುದುಕರಿಗೆ ಗೊತ್ತಿಲ್ಲ. ಗೊತ್ತಿರುವವರು ಅವರನ್ನು ತಡೆಯಲು ಹೊರಡಬೇಕು.

ಅವರಿಗೆ ಇಷ್ಟೊಂದು ಸಿಟ್ಟು ಯಾಕೆ ಅನ್ನುವುದೇ ಪುಸ್ತಕದ ಜೀವ. ಗುಂಪಿನ ಓಲ್ಡ್ ವಿನ್ಸೆಂಟ್ ಎಷ್ಟೋ ಯುದ್ಧ ಗೆದ್ದವನು, ಕೊನೆಗೆ ಸತ್ತಿದ್ದು ಗಂಟಲಿಗೆ ಸೌತೆಕಾಯಿ ಸಿಕ್ಕಿಕೊಂಡು! ಮೊದಲ ಸಲ ಓದಿದಾಗ ನಗು ಬರುತ್ತದೆ. ಆ ಮುದುಕರು ಮತ್ತೆ ಮತ್ತೆ ಅದೇ ವಿಷಯಕ್ಕೆ ಬರುವುದನ್ನು ಕಂಡಾಗ ನಗು ಅರ್ಧಕ್ಕೇ ನಿಲ್ಲುತ್ತದೆ. ಇವರಿಗೆ ಸಾವಿನ ಭಯವಿಲ್ಲ, ದೇವರುಗಳು ಇಷ್ಟು ದಿನ ಬದುಕಲು ಬಿಟ್ಟು, ಮಂಡಿನೋವು ಕೊಟ್ಟು, ಕಿವಿ ಕಿತ್ತುಕೊಂಡು, ಆಮೇಲೆ ಊಟದ ಮೇಜಿನ ಮುಂದೆ ಮುಗಿಸಿಬಿಡುತ್ತಾರಲ್ಲ ಅನ್ನುವ ಅವಮಾನವೇ ದೊಡ್ಡದು. ಕೊಹೆನ್ ಅಷ್ಟರಲ್ಲಿ ಒಂದು ಸಾಮ್ರಾಜ್ಯಕ್ಕೇ ದೊರೆಯಾಗಿದ್ದ. ಬೇಕಾದ್ದೆಲ್ಲ ಸಿಕ್ಕಿತ್ತು, ಬೇಜಾರು ಮಾತ್ರ ಹೋಗಿರಲಿಲ್ಲ.

ಇಲ್ಲಿ ಕಿಡ್ಬಿ ಮಾಡಿರುವ ಕೆಲಸ ನೋಡಬೇಕು. ಮುದಿ ವೀರ ಅಂದರೆ ಕಾರ್ಟೂನ್ ಮಾಡಿಬಿಡುವುದು ಸುಲಭ, ಬೆನ್ನು ಬಗ್ಗಿಸಿ ಮೂಗು ಉದ್ದ ಮಾಡಿದರೆ ಮುಗಿಯಿತು. ಅವರು ಹಾಗೆ ಮಾಡಿಲ್ಲ. ಕೊಹೆನ್‌ನ ಕೈಕಾಲು ಸಣಕಲು, ಬಿಳಿ ಗಡ್ಡ, ಒಂದು ಕಣ್ಣಿಗೆ ಪಟ್ಟಿ, ಮೈಮೇಲೆ ಬಟ್ಟೆ ಇದೆ ಅನ್ನುವುದಕ್ಕೆ ಒಂದು ತುಂಡು. ಅಂಥವನು ಕತ್ತಿ ಹಿಡಿದು ನಿಂತರೆ, ಇವನ ತಂಟೆಗೆ ಹೋಗಬಾರದಪ್ಪಾ ಅಂತಲೂ ಅನ್ನಿಸುತ್ತದೆ. ವೀಲ್‌ಚೇರಿನಲ್ಲಿ ಕೂತ ಮ್ಯಾಡ್ ಹ್ಯಾಮಿಶ್‌ನಿಗೆ ಕಿವಿ ಕೇಳುವುದಿಲ್ಲ, ಆದರೆ ಅವನು ದುರ್ಬಲ ಅಂತ ಅಂದುಕೊಂಡವರ ಗತಿ ಅಷ್ಟೇ. ಎಲ್ಲರಿಗಿಂತ ಚಿಕ್ಕವನು ಅನ್ನುವ ಕಾರಣಕ್ಕೆ ಒಬ್ಬ ಮುದುಕನಿಗೆ ಇನ್ನೂ ‘ಬಾಯ್’ ವಿಲ್ಲಿ ಅಂತಲೇ ಹೆಸರು. ಅಕ್ಷರದಲ್ಲಿ ಇವೆಲ್ಲ ಜೋಕು. ಚಿತ್ರದಲ್ಲಿ ಮುಖ ನೋಡುತ್ತಾ ಓದಿದಾಗ ಇವರಿಗೆ ನಿಜವಾಗಿಯೂ ವಯಸ್ಸಾಗಿದೆ ಅಂತ ತಿಳಿಯುತ್ತದೆ.

ನನಗೆ ತುಂಬಾ ಇಷ್ಟವಾದವನು ಮಾತ್ರ ಈ ಗುಂಪಿನವನಲ್ಲ. ಈವಿಲ್ ಹ್ಯಾರಿ ಡ್ರೆಡ್ ಅಂತ ಒಬ್ಬ ದುಷ್ಟ ಒಡೆಯ ಇದ್ದಾನೆ, ವ್ಯಾಪಾರ ಕುಸಿದುಹೋಗಿರುವ ದುಷ್ಟ. ಹಿಂದೆ ಒಂದು ಕ್ರಮ ಇತ್ತು, ಖಳನಾಯಕ ದಡ್ಡ ಬಂಟರನ್ನೇ ಹುಡುಕಿ ಇಟ್ಟುಕೊಳ್ಳಬೇಕು, ವೀರ ಅವನನ್ನು ಸೋಲಿಸಿ ತಪ್ಪಿಸಿಕೊಳ್ಳಲು ದಾರಿ ಬಿಡಬೇಕು, ಮುಂದಿನ ಸಲ ಮತ್ತೆ ಸಿಗೋಣ ಅಂತ. ಈಗಿನ ವೀರರಿಗೆ ಆ ಮರ್ಯಾದೆ ಇಲ್ಲ, ತಪ್ಪಿಸಿಕೊಳ್ಳುವ ಸುರಂಗವನ್ನೇ ಮೊದಲು ಮುಚ್ಚುತ್ತಾರೆ ಅನ್ನುವುದು ಅವನ ಅಳಲು. ಮುಂದೆ ಅವನು ಮುದುಕರಿಗೇ ದ್ರೋಹ ಬಗೆಯುತ್ತಾನೆ, ಅವರಾದರೋ ಅದಕ್ಕೆ ಬೇಸರ ಮಾಡಿಕೊಳ್ಳದೆ ತನ್ನ ಕೆಲಸ ತಾನು ಮಾಡಿದ ಅಂತ ಮೆಚ್ಚುತ್ತಾರೆ! ಸಂಸಾರ ಮಾಡಿ ಮುಗಿಸಿ ಮತ್ತೆ ಕತ್ತಿ ಹಿಡಿದ ವೀನಾ ಕೂಡ ಇದ್ದಾಳೆ. ಅವಳಿಗೆ ಇನ್ನಷ್ಟು ಪುಟ ಕೊಡಬೇಕಿತ್ತು. ವಯಸ್ಸಾದ ಗಂಡಸರ ಗೋಳಿಗೆ ಇಷ್ಟು ಜಾಗ ಇದೆ, ಅವಳದ್ದು ಬಂದಷ್ಟೇ ಬೇಗ ಮುಗಿಯುತ್ತದೆ.

ಇನ್ನೊಂದು ಕಡೆಯ ಕಥೆ ಈ ಮುದುಕರನ್ನು ತಡೆಯಲು ಹೊರಟ ಹಡಗಿನದು. ಲಿಯೊನಾರ್ಡ್ ಆಫ್ ಕ್ವಿರ್ಮ್ ಎಂಬ ಮೇಧಾವಿ ಮರದ ಬಾಹ್ಯಾಕಾಶ ನೌಕೆ ಕಟ್ಟುತ್ತಾನೆ, ಜೌಗು ಡ್ರ್ಯಾಗನ್‌ಗಳೇ ಅದಕ್ಕೆ ಇಂಜಿನ್ನು. ಅವನ ಜೊತೆ ನಗರದ ಕಾವಲು ಪಡೆಯ ಕ್ಯಾಪ್ಟನ್ ಕ್ಯಾರಟ್ ಮತ್ತು ಓಡಿಹೋಗುವುದರಲ್ಲಿ ಹೆಸರಾದ ಮಾಂತ್ರಿಕ ರಿನ್ಸ್‌ವಿಂಡ್. ತನಗೆ ಬರಲು ಇಷ್ಟವೇ ಇಲ್ಲ, ಆದರೆ ಎಲ್ಲಿಗೆ ಓಡಿದರೂ ಕೊನೆಗೆ ಆ ಹಡಗಿನಲ್ಲೇ ಇರುತ್ತೇನೆ, ಅದಕ್ಕೆ ಈಗಲೇ ಬಂದೆ ಅಂತ ಅವನು ಹೇಳುವ ಜಾಗ ಪುಸ್ತಕದ ಅತ್ಯಂತ ನಗುವಿನ ಜಾಗಗಳಲ್ಲೊಂದು. ಒಳಗೆ ಲೆಕ್ಕಕ್ಕೆ ಸಿಗದೆ ಒಬ್ಬ ಒರಾಂಗುಟಾನ್ ಲೈಬ್ರೇರಿಯನ್ನೂ ಸೇರಿಕೊಂಡಿರುತ್ತಾನೆ. ಲಿಯೊನಾರ್ಡ್ ಅಂದರೆ ಯಾರ ಗೇಲಿ ಅಂತ ಹೇಳಬೇಕಾಗಿಲ್ಲ ಅಲ್ವಾ? ಅವನ ನೋಟ್‌ಬುಕ್ಕಿನ ಹಾಳೆಗಳನ್ನು ಕಿಡ್ಬಿ ಡಾ ವಿಂಚಿಯ ಕೈಯಲ್ಲೇ ಬರೆಸಿದ ಹಾಗೆ ಬಿಡಿಸಿದ್ದಾರೆ, ಕಂದು ಹಾಳೆ, ಅಂಚಿನ ತುಂಬ ಟಿಪ್ಪಣಿ. ಅಪೊಲೊ ಯಾನಗಳ ಗೇಲಿಯೂ ಇದೆ, ಚಂದ್ರನ ಮೇಲೆ ಇಳಿಯುವುದೂ ಇದೆ.

ಕಥೆ ತೆಳು ಅನ್ನುವವರ ಮಾತು ನನ್ನ ಪ್ರಕಾರ ಸರಿಯಾಗಿ ತಾಗುವುದು ಇಲ್ಲೇ. ನೋಡಲು ಈ ಭಾಗ ಚೆಂದ, ಓದಲು ಅಷ್ಟಕ್ಕಷ್ಟೆ. ಹಡಗಿಗೆ ಏನೂ ಆಗುವುದಿಲ್ಲ ಅಂತ ಮೊದಲೇ ಗೊತ್ತಾಗುತ್ತದೆ, ಮತ್ತೆ ಮುದುಕರ ಹತ್ತಿರ ಯಾವಾಗ ಹೋಗುತ್ತೇವೆ ಅಂತ ಕಾಯುವ ಹಾಗಾಗುತ್ತದೆ. ಹೋದ ಮೇಲೆ ಮಾತ್ರ ಮೋಸ ಇಲ್ಲ. ದೇವರುಗಳ ಎದುರು ಕೊಹೆನ್ ದಾಳ ಹಾಕುವ ಜಾಗ ಇದೆ. ಎದುರಾಳಿ ವಿಧಿ. ಆರು ಮುಖದ ಒಂದೇ ದಾಳದಲ್ಲಿ ಏಳು ಬೀಳಿಸಬೇಕು. ಅವನು ಏನು ಮಾಡಿದ ಅಂತ ಹೇಳುವುದಿಲ್ಲ, ಕೈಯಲ್ಲಿ ಕತ್ತಿ ಇತ್ತು ಅಂತಷ್ಟೇ ಹೇಳುತ್ತೇನೆ.

ಅಂತ್ಯದ ಬಗ್ಗೆ ಓದುಗರಲ್ಲಿ ಜಗಳವೇ ಇದೆ. ಮುದುಕರು ಸತ್ತರೋ ಇಲ್ಲವೋ ಸರಿಯಾಗಿ ಹೇಳದೆ ಪ್ರಾಚೆಟ್ ಜಾರಿಕೊಂಡಿದ್ದಾರೆ ಅನ್ನುವವರಿದ್ದಾರೆ. ನನಗೆ ಹಾಗೆ ಅನ್ನಿಸಲಿಲ್ಲ. ಪರಾಕ್ರಮವನ್ನು ಹಾಡಿ ಉಳಿಸಲಿ ಅಂತ ಈ ಮುದುಕರು ಒಬ್ಬ ಕವಿಯನ್ನು ಎತ್ತಿಹಾಕಿಕೊಂಡು ಬಂದವರು. ಅಂಥವರ ಕಥೆ ಮರಣ ಪ್ರಮಾಣಪತ್ರದೊಂದಿಗೆ ಮುಗಿದಿದ್ದರೆ ಸಪ್ಪೆಯಾಗುತ್ತಿತ್ತು. ಪ್ರಾಚೆಟ್ ಅವರಿಗೆ ಅಲ್ಜೈಮರ್ ಇದೆ ಅಂತ ಗೊತ್ತಾಗಿದ್ದು 2007ರಲ್ಲಿ, ಅವರು ತೀರಿಕೊಂಡಿದ್ದು 2015ರಲ್ಲಿ. ಅದನ್ನು ನೆನೆಸಿಕೊಂಡು ಇದನ್ನು ಭವಿಷ್ಯವಾಣಿಯ ಹಾಗೆ ಓದುವವರೂ ಇದ್ದಾರೆ. ಅದು ಸುಮ್ನೆ ಎಳೆದು ತಂದ ಅರ್ಥ ಅನ್ನಿಸುತ್ತದೆ. ಪುಸ್ತಕ ಬಂದ 2001ರಲ್ಲಿ ಅವರಿಗೆ ಇನ್ನೂ 53. ಇಲ್ಲಿರುವ ಸಿಟ್ಟು ರೋಗಿಯದ್ದಲ್ಲ, ಗಟ್ಟಿಮುಟ್ಟಾದ ಲೇಖಕನದ್ದು.

ಇದನ್ನೇ ಮೊದಲು ಓದಬಹುದಾ? ಡಿಸ್ಕ್‌ವರ್ಲ್ಡ್ ಸರಣಿಯಲ್ಲಿ ಇದು 27ನೇ ಕಾದಂಬರಿ. ಒಂದೇ ಓದಿದರೂ ಅರ್ಥವಾಗುತ್ತೆ ಅಂತ ತುಂಬಾ ಜನ ಹೇಳುತ್ತಾರೆ, ಅರ್ಥವೇನೋ ಆಗುತ್ತದೆ. ಆದರೆ ರಿನ್ಸ್‌ವಿಂಡ್ ಯಾಕೆ ಹಾಗೆ ಅನ್ನುವುದನ್ನು ಹೊಸಬರಿಗೆ ಪುಸ್ತಕ ಬಿಡಿಸಿ ಹೇಳುವುದಿಲ್ಲ. ಕೊಹೆನ್ ಮೊದಲು ಬಂದಿದ್ದು 1986ರ ‘ದಿ ಲೈಟ್ ಫೆಂಟಾಸ್ಟಿಕ್’ನಲ್ಲಿ, ಸಿಲ್ವರ್ ಹೋರ್ಡ್ ಬಂದಿದ್ದು 1994ರ ‘ಇಂಟರೆಸ್ಟಿಂಗ್ ಟೈಮ್ಸ್’ನಲ್ಲಿ. ಕನಿಷ್ಠ ಆ ಎರಡನೆಯದನ್ನಾದರೂ ಓದಿಕೊಂಡು ಬನ್ನಿ.

ಕೊಳ್ಳುವವರು ದೊಡ್ಡ ಸೈಜಿನ ಸಚಿತ್ರ ಆವೃತ್ತಿಯನ್ನೇ ಹುಡುಕಿ. ಗಟ್ಟಿ ರಟ್ಟಿನದೇ ಬೇಕು ಅಂತ ಹಠ ಬೇಡ, 2002ರ ಪೇಪರ್‌ಬ್ಯಾಕಿನಲ್ಲಿ 16 ಪುಟ ಚಿತ್ರ ಜಾಸ್ತಿಯೇ ಇದೆ. ಮೊಬೈಲಿನಲ್ಲಿ ಮಾತ್ರ ಓದಬೇಡಿ. ಎರಡು ಪುಟದ ಅಗಲಕ್ಕೆ ಹರಡಿಕೊಂಡ ಆಮೆ ಅಂಗೈಯಗಲದ ಪರದೆಯಲ್ಲಿ ಎಲ್ಲಿ ಹಿಡಿಸೀತು?