ಗೆದ್ದವರು, ಗೆಲ್ಲಿಸಿದವರು: ಷಾರ್ಲೆಟ್‌ನ ನಾಸ್ಕಾರ್ ಹಾಲ್ ಆಫ್ ಫೇಮ್

ಡೇಲ್ ಇನ್‌ಮನ್ ಹೆಸರು ಮಾಡಿದ್ದು ಸ್ಟೀರಿಂಗ್ ಹಿಡಿದಲ್ಲ. ಕಾರಿನ ಸಜ್ಜನ್ನೂ ರೇಸ್ ತಂಡವನ್ನೂ ನೋಡಿಕೊಳ್ಳುವ ಕ್ರೂ ಚೀಫ್ ಆಗಿ ಅವರು, ಅಮೆರಿಕದ ಕಾರ್ ರೇಸ್ ಸಂಸ್ಥೆ ನಾಸ್ಕಾರ್‌ನ ಅತಿ ದೊಡ್ಡ ಸರಣಿಯಾದ ಕಪ್‌ನಲ್ಲಿ, ಡ್ರೈವರ್‌ಗಳಿಗೆ ಎಂಟು ಚಾಂಪಿಯನ್‌ಷಿಪ್ ಗೆಲ್ಲಿಸಿಕೊಟ್ಟರು: ಏಳು ರಿಚರ್ಡ್ ಪೆಟಿ ಅವರಿಗೆ, ಇನ್ನೊಂದು 1984ರಲ್ಲಿ ಟೆರಿ ಲಬಾಂಟಿ ಅವರಿಗೆ. ಪೆಟಿ ಅವರ ಎಂಜಿನ್ ಕಟ್ಟುತ್ತಿದ್ದವರು ಅವರ ತಮ್ಮ ಮಾರಿಸ್. ನಾರ್ತ್ ಕ್ಯಾರೊಲೈನಾದ ಷಾರ್ಲೆಟ್‌ನಲ್ಲಿರುವ ನಾಸ್ಕಾರ್ ಹಾಲ್ ಆಫ್ ಫೇಮ್‌ನಲ್ಲಿ ಈ ಮೂವರಿಗೂ ಜಾಗ ಸಿಕ್ಕಿದೆ, ಆದರೆ ಒಟ್ಟಿಗೆ ಅಲ್ಲ. ರಿಚರ್ಡ್ 2010ರಲ್ಲಿ ಆಯ್ಕೆಯಾದ ಮೊದಲ ಗುಂಪಿನಲ್ಲೇ ಬಂದರು, ಇನ್‌ಮನ್ 2012ರಲ್ಲಿ, ಮಾರಿಸ್ 2014ರಲ್ಲಿ. ಈ ಮ್ಯೂಸಿಯಂನ ಹೆಚ್ಚುಗಾರಿಕೆಯೂ ಕೊರತೆಯೂ ಈ ಮೂರು ಇಸವಿಗಳಲ್ಲೇ ಇದೆ. ಸ್ಟಾಕ್ ಕಾರ್ (ಮಾಮೂಲಿ ಕಾರಿನ ರೂಪದ ರೇಸ್ ಕಾರು) ರೇಸ್ ಎಂದರೆ ತಂಡದ ಕೆಲಸ ಎಂಬುದನ್ನು ಇಲ್ಲಿಯ ಪ್ರದರ್ಶನಗಳು ಬಹಳ ಚೆನ್ನಾಗಿ ಮನಗಾಣಿಸುತ್ತವೆ. ಆದರೆ ಯಾರನ್ನು ಒಳಗೆ ಸೇರಿಸಬೇಕೆಂದು ತೀರ್ಮಾನಿಸುವ ಮತಪತ್ರ ಅದೇ ತಂಡವನ್ನು ಬಿಡಿಬಿಡಿಯಾಗಿ ಒಡೆಯುತ್ತದೆ.

2010ರ ಮೇ 11ರಂದು ತೆರೆದ ಈ ಕಟ್ಟಡ ಷಾರ್ಲೆಟ್ ಕನ್ವೆನ್ಷನ್ ಸೆಂಟರ್‌ಗೆ ಹೊಂದಿಕೊಂಡಿದೆ. ವಿನ್ಯಾಸ ಪೇ ಕಾಬ್ ಫ್ರೀಡ್ ಸಂಸ್ಥೆಯದು. ಹೊರಗೋಡೆಯನ್ನು ಬಳಸಿ ತಿರುಗುವ ಸ್ಟೇನ್‌ಲೆಸ್ ಸ್ಟೀಲ್ ಪಟ್ಟಿ ದೂರದಿಂದಲೇ ಕಾಣುತ್ತದೆ. ಒಡೆತನ ಷಾರ್ಲೆಟ್ ನಗರದ್ದು. ಒಂದು ಗಂಟೆಯಲ್ಲಿ ಮುಗಿಸುವ ಜಾಗ ಇದಲ್ಲ. ಓದುತ್ತಾ ನೋಡುವವರಿಗೆ ಮೂರು ಗಂಟೆ ಬೇಕು, ಮಕ್ಕಳು ಸಿಮ್ಯುಲೇಟರ್ ಹತ್ತಿದರೆ ನಾಲ್ಕು.

ಮೊದಲು ಹೈ ಆಕ್ಟೇನ್ ಥಿಯೇಟರ್‌ನ ಚಿತ್ರ ನೋಡಿಬಿಡಿ. ಹೊಸಬರಿಗೆ ಪೀಠಿಕೆಯಾಗಿ ಅಷ್ಟು ಸಾಕು. ಅಲ್ಲಿಂದ ಗ್ಲೋರಿ ರೋಡ್. ಇದು ಹದಿನೆಂಟು ಕಾರುಗಳನ್ನು ಸಾಲಾಗಿ ನಿಲ್ಲಿಸಿರುವ ಏರುದಾರಿ. ಯಾವ ಕಾರುಗಳು ಎಂಬುದು ಕೆಲವು ವರ್ಷಗಳಿಗೊಮ್ಮೆ ಬದಲಾಗುತ್ತದೆ. ಕಾರುಗಳಷ್ಟೇ ಗಮನ ಕೆಳಗಿನ ನೆಲಕ್ಕೂ ಕೊಡಬೇಕು. ಆರಂಭದಲ್ಲಿ ಸಮತಟ್ಟಾಗಿರುವ ನೆಲ ಮೇಲೆ ಹೋದಂತೆ ಓರೆಯಾಗುತ್ತಾ ಕೊನೆಗೆ 33 ಡಿಗ್ರಿಗೆ ಮುಟ್ಟುತ್ತದೆ. ಟ್ಯಾಲಡೀಗಾ ಟ್ರ್ಯಾಕ್‌ನ ತಿರುವುಗಳ ಇಳಿಜಾರು ಅಷ್ಟೇ. ಡೇಟೋನಾದ್ದು 31, ಷಾರ್ಲೆಟ್ ಮೋಟರ್ ಸ್ಪೀಡ್‌ವೇಯದು 24, ಮಾರ್ಟಿನ್ಸ್‌ವಿಲ್‌ನದು 12. ಪುಸ್ತಕದಲ್ಲಿ ಓದಿದಾಗ ಇವು ಬರೀ ಅಂಕಿ. 33 ಡಿಗ್ರಿಯ ಪಕ್ಕ ನಿಂತಾಗ ಮಾತ್ರ ಟ್ಯಾಲಡೀಗಾದಲ್ಲಿ ಕಾರು ಬ್ರೇಕ್ ಮುಟ್ಟದೆ ತಿರುಗುವುದು ಹೇಗೆ, ಮಾರ್ಟಿನ್ಸ್‌ವಿಲ್‌ನಲ್ಲಿ ಪ್ರತಿ ಸುತ್ತಿಗೂ ಎರಡು ಸಲ ಬ್ರೇಕ್ ಬಿಸಿಯೇರುವುದು ಯಾಕೆ ಎಂಬುದು ಮೈಗೆ ಅರ್ಥವಾಗುತ್ತದೆ. ಒಬ್ಬ ಡ್ರೈವರ್‌ನ ಗೆಲುವುಗಳನ್ನು ಎಣಿಸುವ ಮೊದಲು ಅವು ಯಾವ ಯಾವ ಟ್ರ್ಯಾಕ್‌ನಲ್ಲಿ ಬಂದವು ಎಂದು ನೋಡಬೇಕಾದದ್ದು ಇದಕ್ಕೇ.

ಗೆಲುವಿನ ಲೆಕ್ಕದ ವಿಷಯಕ್ಕೆ ಬಂದರೆ, ನೋಡಲು ಬರುವವರು ಅತಿ ಹೆಚ್ಚು ಎಡವುವುದು ಇಲ್ಲಿಯೇ. ಪೆಟಿ 200, ಡೇವಿಡ್ ಪಿಯರ್ಸನ್ 105, ಜೆಫ್ ಗಾರ್ಡನ್ 93. ಇವನ್ನು ಹೀಗೇ ಮೇಲಿಂದ ಕೆಳಗೆ ಜೋಡಿಸಿ ತೀರ್ಪು ಕೊಟ್ಟರೆ ತಪ್ಪಾಗುತ್ತದೆ. 1971ರವರೆಗೆ ಒಂದು ವರ್ಷಕ್ಕೆ ಐವತ್ತರ ಆಸುಪಾಸು ರೇಸ್‌ಗಳಿರುತ್ತಿದ್ದವು. ಚಿಕ್ಕ ಮಣ್ಣಿನ ಟ್ರ್ಯಾಕ್‌ಗಳೂ ಅದರಲ್ಲಿ ಸೇರಿದ್ದವು. 1972ರಲ್ಲಿ ಕ್ಯಾಲೆಂಡರ್ ಮೂವತ್ತೊಂದಕ್ಕೆ ಇಳಿಯಿತು, ಈಗ 36 ಇದೆ. ಪೆಟಿ 1967ರಲ್ಲಿ ಗೆದ್ದ 27 ರೇಸ್‌ಗಳು, ಅವುಗಳಲ್ಲಿ ಸಾಲಾಗಿ ಬಂದ ಹತ್ತು, ನಿಜಕ್ಕೂ ದೊಡ್ಡ ಸಾಧನೆ. ಆದರೆ ಅಷ್ಟು ಗೆಲ್ಲಲು ಬೇಕಾದ ಅವಕಾಶವೇ ಗಾರ್ಡನ್‌ಗೆ ಯಾವ ವರ್ಷವೂ ಇರಲಿಲ್ಲ. ಆದ್ದರಿಂದ ಗೆಲುವನ್ನು ಓಡಿದ ರೇಸ್‌ಗಳಿಂದ ಭಾಗಿಸಿ ನೋಡಬೇಕು. ಪೆಟಿ ಸುಮಾರು 1,184 ರೇಸ್‌ಗಳಲ್ಲಿ 200, ಅಂದರೆ ಹತ್ತಿರ ಹತ್ತಿರ 17%. ಪಿಯರ್ಸನ್ 574ರಲ್ಲಿ 105, 18% ದಾಟುತ್ತದೆ. 1951 ಮತ್ತು 1953ರ ಚಾಂಪಿಯನ್ ಹರ್ಬ್ ಥಾಮಸ್ 48 ಗೆಲುವುಗಳೊಂದಿಗೆ ಸುಮಾರು 21%. 1973ರಲ್ಲಂತೂ ಪಿಯರ್ಸನ್ ವುಡ್ ಬ್ರದರ್ಸ್ ತಂಡದ ಕಾರಿನಲ್ಲಿ ಓಡಿಸಿದ್ದು 18 ರೇಸ್, ಗೆದ್ದದ್ದು 11. ಇಷ್ಟಾಗಿಯೂ 2010ರ ಮೊದಲ ಐವರಲ್ಲಿ ಪಿಯರ್ಸನ್ ಇರಲಿಲ್ಲ. ಬಿಲ್ ಫ್ರಾನ್ಸ್ ಸೀನಿಯರ್, ಬಿಲ್ ಫ್ರಾನ್ಸ್ ಜೂನಿಯರ್, ಪೆಟಿ, ಡೇಲ್ ಅರ್ನ್‌ಹಾರ್ಟ್, ಜೂನಿಯರ್ ಜಾನ್ಸನ್ ಆಯ್ಕೆಯಾದರು. ನಾಸ್ಕಾರ್ ನಡೆಸಿದ ಫ್ರಾನ್ಸ್ ತಂದೆ ಮಗ ಇಬ್ಬರಿಗೂ ಮೊದಲ ವರ್ಷವೇ ಜಾಗ ಕೊಟ್ಟು ಪಿಯರ್ಸನ್‌ರನ್ನು ಮರುವರ್ಷಕ್ಕೆ ತಳ್ಳಿದ್ದು ಸರಿಯಲ್ಲ ಎಂದು ರೇಸ್ ಬಲ್ಲವರು ಅಂದೇ ಹೇಳಿದ್ದರು. ಆ ಮಾತು ಇಂದಿಗೂ ಸರಿಯಾಗಿಯೇ ಇದೆ.

ಆಯ್ಕೆಯ ನಿಯಮ ಗೊತ್ತಿದ್ದರೆ ಹಾಲ್ ಆಫ್ ಆನರ್ ಎಂಬ ವೃತ್ತಾಕಾರದ ಕೋಣೆ ಬೇರೆಯೇ ಆಗಿ ಕಾಣುತ್ತದೆ. ಡ್ರೈವರ್ ಆದವರು ನಾಸ್ಕಾರ್‌ನಲ್ಲಿ ಕನಿಷ್ಠ ಹತ್ತು ವರ್ಷ ಓಡಿಸಿ, ನಿವೃತ್ತರಾಗಿ ಎರಡು ವರ್ಷ ಕಳೆದಿರಬೇಕು. ಹತ್ತು ವರ್ಷ ಓಡಿಸಿ 55 ತುಂಬಿದವರು ಮತ್ತು ಮೂವತ್ತು ವರ್ಷ ಓಡಿಸಿದವರು ನಿವೃತ್ತರಾಗದೆಯೂ ಅರ್ಹರು. ಡ್ರೈವರ್ ಅಲ್ಲದವರಿಗೆ ಈ ರಂಗದಲ್ಲಿ ಹತ್ತು ವರ್ಷದ ಕೆಲಸ ಸಾಕು. 2020ರ ತಂಡದವರೆಗೆ ವರ್ಷಕ್ಕೆ ಐವರು ಒಳಬರುತ್ತಿದ್ದರು. 2021ರ ತಂಡದಿಂದ ಮೂವರು ಮಾತ್ರ: ಹತ್ತು ಹೆಸರುಗಳ ಮಾಡರ್ನ್ ಎರಾ ಮತಪತ್ರದಿಂದ ಇಬ್ಬರು, ಐದು ಹೆಸರುಗಳ ಪಯನೀರ್ ಮತಪತ್ರದಿಂದ ಒಬ್ಬರು. ವೃತ್ತಿ ಶುರುವಾಗಿ ಅರವತ್ತು ವರ್ಷ ದಾಟಿದವರು ಪಯನೀರ್ ಪಟ್ಟಿಗೆ ಹೋಗುತ್ತಾರೆ. ಮತ ಹಾಕುವವರಲ್ಲಿ ಹಳೆಯ ಡ್ರೈವರ್‌ಗಳು, ತಂಡದ ಮಾಲೀಕರು, ಕ್ರೂ ಚೀಫ್‌ಗಳು, ಟ್ರ್ಯಾಕ್ ನಡೆಸುವವರು, ಪತ್ರಕರ್ತರು, ಕಾರು ಕಂಪನಿಗಳವರು, ಆ ಹೊತ್ತಿನ ಕಪ್ ಚಾಂಪಿಯನ್ ಎಲ್ಲ ಇದ್ದಾರೆ. ಅಭಿಮಾನಿಗಳು ಆನ್‌ಲೈನ್‌ನಲ್ಲಿ ಹಾಕುವ ಅಷ್ಟೂ ಮತ ಸೇರಿ ಒಂದೇ ಮತ. ಲ್ಯಾಂಡ್‌ಮಾರ್ಕ್ ಪ್ರಶಸ್ತಿ ಇದರಿಂದ ಬೇರೆ. 2024ರಲ್ಲಿ ಡ್ರೈವರ್ ಜ್ಯಾನೆಟ್ ಗತ್ರಿ ಅವರಿಗೆ ಸಿಕ್ಕಿದ್ದು ಅದು. ಅದು ಸಿಕ್ಕಿದ ಮಾತ್ರಕ್ಕೆ ಹಾಲ್‌ನ ಸದಸ್ಯರಾದಂತಲ್ಲ. 2026ರ ತಂಡದಲ್ಲಿ ಬಂದ ಕರ್ಟ್ ಬುಷ್, ಹ್ಯಾರಿ ಗ್ಯಾಂಟ್ ಮತ್ತು ರೇ ಹೆಂಡ್ರಿಕ್ ಸೇರಿ ಸದಸ್ಯರ ಸಂಖ್ಯೆ 70.

ಐದನ್ನು ಮೂರಕ್ಕೆ ಇಳಿಸಿದ್ದು ಗೌರವದ ತೂಕ ಉಳಿಸಲು. ಉದ್ದೇಶ ಒಳ್ಳೆಯದು, ಸಿಕ್ಕು ಬೇರೆ ಕಡೆ ಇದೆ. ಮಾಡರ್ನ್ ಎರಾ ಪಟ್ಟಿಯ ಹತ್ತರಲ್ಲಿ ಡ್ರೈವರ್, ಕ್ರೂ ಚೀಫ್, ಎಂಜಿನ್ ಕಟ್ಟುವವರು ಎಲ್ಲರೂ ಒಂದೇ ಸಾಲಿನಲ್ಲಿ. ಮತದಾರ ಬರೆಯಬಹುದಾದ್ದು ಎರಡೇ ಹೆಸರು. ಗಾರ್ಡನ್ ಅಥವಾ ಜಿಮ್ಮಿ ಜಾನ್ಸನ್‌ನಂಥವರು ಪಟ್ಟಿಗೆ ಬಂದ ವರ್ಷ ಒಂದು ಜಾಗ ಮೊದಲೇ ಹೋದಂತೆ. ಐವರು ಒಳಬರುತ್ತಿದ್ದ ಕಾಲದಲ್ಲಿ, 2019ರ ತಂಡಕ್ಕೆ, ಗಾರ್ಡನ್ ಆಯ್ಕೆಯಾದದ್ದು 96% ಮತದಿಂದ. ಈಗ ಅಂಥವರು ಬಂದರೆ ಉಳಿದ ಒಂದು ಜಾಗಕ್ಕೆ ಒಂಬತ್ತು ಮಂದಿ. ಅಲ್ಲಿ ಮತ ಚದುರುತ್ತದೆ, ಜನ ಟಿವಿಯಲ್ಲಿ ಕಂಡ ಮುಖಕ್ಕೆ ಅನುಕೂಲವಾಗುತ್ತದೆ, ಗ್ಯಾರೇಜಿನಲ್ಲಿ ದುಡಿದವರು ಕಾಯುತ್ತಾರೆ. 1970ರಲ್ಲಿ ಬಾಬಿ ಐಸಾಕ್ ಚಾಂಪಿಯನ್ ಆದಾಗ ಕ್ರೂ ಚೀಫ್ ಆಗಿದ್ದವರು ಹ್ಯಾರಿ ಹೈಡ್. ಐಸಾಕ್ 2016ರಲ್ಲೇ ಒಳಗೆ ಬಂದರು. ಹೈಡ್ ಹೆಸರು ಪಟ್ಟಿಯಲ್ಲಿ ಮತ್ತೆ ಮತ್ತೆ ಬಂದರೂ 2026ರ ತಂಡದವರೆಗೆ ಆಯ್ಕೆಯಾಗಿಲ್ಲ. ಹರ್ಬ್ ಥಾಮಸ್ ಇದ್ದಾರೆ, ಅವರ ಹಡ್ಸನ್ ಹಾರ್ನೆಟ್ ಕಾರು ಸಜ್ಜು ಮಾಡಿದ ಸ್ಮೋಕಿ ಯೂನಿಕ್ ಇಲ್ಲ. ಯೂನಿಕ್ ಇಲ್ಲದ ಸ್ಟಾಕ್ ಕಾರ್ ಚರಿತ್ರೆ ಅರ್ಧ ಚರಿತ್ರೆ. ಈ ಒಂದು ಕೊರತೆಗೆ ಯಾವ ಸಮಜಾಯಿಷಿಯೂ ಸಾಲದು.

ಪದ್ಧತಿ ಸರಿಯಾಗಿ ನಡೆದ ವರ್ಷ ಹೇಗಿರುತ್ತದೆ ಎನ್ನುವುದಕ್ಕೆ 2024 ನೋಡಿ: ಏಳು ಚಾಂಪಿಯನ್‌ಷಿಪ್, 83 ಗೆಲುವಿನ ಜಿಮ್ಮಿ ಜಾನ್ಸನ್, ಆ ಏಳರಲ್ಲೂ ಕ್ರೂ ಚೀಫ್ ಆಗಿದ್ದ ಚಾಡ್ ಕ್ನಾಸ್, ಇಬ್ಬರೂ ಒಂದೇ ಸಲ. ಅರ್ನ್‌ಹಾರ್ಟ್ ಜೊತೆ ನಾಲ್ಕು ಚಾಂಪಿಯನ್‌ಷಿಪ್ ಗೆದ್ದ ಕರ್ಕ್ ಶೆಲ್ಮರ್‌ಡೈನ್ ಇದೇ ಬಾಗಿಲು ದಾಟಲು 2023ರವರೆಗೆ ಕಾಯಬೇಕಾಯಿತು, ಅರ್ನ್‌ಹಾರ್ಟ್ ಬಂದು ಹದಿಮೂರು ವರ್ಷವಾದ ಮೇಲೆ. ಗಾರ್ಡನ್ ಮತ್ತು ರೇ ಎವರ್ನ್‌ಹ್ಯಾಮ್ ಜೋಡಿಯಲ್ಲಾದರೋ ಕ್ರೂ ಚೀಫ್ ಒಂದು ವರ್ಷ ಮುಂಚೆ ಬಂದಿದ್ದಾರೆ.

ಇನ್ನು ಅಂಕಿಗೆ ಸಿಗದವರು. ವೆಂಡೆಲ್ ಸ್ಕಾಟ್ 495 ರೇಸ್‌ಗಳಲ್ಲಿ ಗೆದ್ದದ್ದು ಒಂದೇ, 1963ರ ಡಿಸೆಂಬರ್ 1ರಂದು ಜ್ಯಾಕ್ಸನ್‌ವಿಲ್‌ನಲ್ಲಿ. ಅಂದು ಬಾವುಟ ಬೀಸಿ ಗೆದ್ದವರೆಂದು ಸಾರಿದ್ದು ಬಕ್ ಬೇಕರ್ ಹೆಸರನ್ನು. ಸ್ಕಾಟ್ ಎರಡು ಸುತ್ತು ಮುಂದಿದ್ದರೆಂದು ಒಪ್ಪಿಕೊಂಡದ್ದು ಪ್ರೇಕ್ಷಕರೆಲ್ಲ ಹೊರಟ ಮೇಲೆ. ಕರಿಯ ಡ್ರೈವರ್‌ಗೆ ಗೆಲುವಿನ ಕಟ್ಟೆ ಹತ್ತಲು ಬಿಡದ ಕಾಲ ಅದು. ಕಾರು ರಿಪೇರಿಯೂ ಅವರದೇ, ಡ್ರೈವಿಂಗೂ ಅವರದೇ. 2015ರಲ್ಲಿ ಅವರನ್ನು ಸೇರಿಸಿದ್ದು ಈ ಹಾಲ್ ಮಾಡಿರುವ ಅತ್ಯಂತ ಯೋಗ್ಯ ಆಯ್ಕೆಗಳಲ್ಲಿ ಒಂದು. ಅಲನ್ ಕುಲ್‌ವಿಕಿ ಗೆದ್ದದ್ದು ಐದೇ ರೇಸ್. ಆದರೆ ತಾವೇ ಮಾಲೀಕರಾಗಿ, ತಾವೇ ಓಡಿಸಿ, 1992ರ ಚಾಂಪಿಯನ್‌ಷಿಪ್ಪನ್ನು ಬಿಲ್ ಎಲಿಯಟ್‌ಗಿಂತ ಹತ್ತು ಅಂಕ ಮುಂದೆ ನಿಂತು ಗೆದ್ದರು. ಆ ಕೊನೆಯ ರೇಸ್‌ನಲ್ಲಿ ಎಷ್ಟು ಸುತ್ತು ಮುಂದಿದ್ದರೆ ಅತಿ ಹೆಚ್ಚು ಸುತ್ತು ಮುನ್ನಡೆಸಿದವರಿಗೆ ಕೊಡುವ ಬೋನಸ್ ಅಂಕ ಸಿಗುತ್ತದೆ ಎಂದು ಅವರ ತಂಡ ಲೆಕ್ಕ ಹಾಕಿತ್ತು. ರೇಸ್ ಗೆದ್ದದ್ದು ಎಲಿಯಟ್, ಮುನ್ನಡೆಸಿದ ಸುತ್ತುಗಳಲ್ಲಿ ಒಂದೇ ಒಂದು ಹೆಚ್ಚು ಕುಲ್‌ವಿಕಿಯದು: 103, ಎದುರಿಗೆ 102.

ಸಂವಾದಾತ್ಮಕ ವಿಭಾಗದಲ್ಲಿ ಜನ ಓಡುವುದು ಸಿಮ್ಯುಲೇಟರ್ ಕಡೆಗೆ. ಅದು ಚೆನ್ನಾಗಿದೆ. ಮೊದಲ ಸಲ ಕೂತವರೆಲ್ಲ ಮಾಡುವ ತಪ್ಪು ಒಂದೇ: ತಿರುವಿನೊಳಗೆ ವೇಗ ಹೊತ್ತುಕೊಂಡು ಹೋಗಿ ಆಮೇಲೆ ಸ್ಟೀರಿಂಗ್ ಜಾಸ್ತಿ ತಿರುಗಿಸುವುದು. ಮುಂದಿನ ಟೈರ್‌ಗಳ ಹಿಡಿತ ಮುಗಿದು ಕಾರು ಗೋಡೆಯತ್ತ ಜಾರುತ್ತದೆ. ತಿರುವಿಗೆ ಮುಂಚೆಯೇ ಕಾಲು ಎತ್ತಿ, ಸ್ಟೀರಿಂಗನ್ನು ಒಂದೇ ಸಲ ನಿಧಾನಕ್ಕೆ ತಿರುಗಿಸಿ, ಕಾರು ನೇರವಾಗುತ್ತಿದ್ದಂತೆ ಆಕ್ಸಿಲರೇಟರ್ ಒತ್ತಿದರೆ ಸುತ್ತಿನ ಸಮಯ ತಾನಾಗಿ ಇಳಿಯುತ್ತದೆ.

ಆದರೆ ನಮ್ಮ ಶಿಫಾರಸು ಪಿಟ್ ಕ್ರೂ ಚಾಲೆಂಜ್‌ಗೆ. ರೇಸ್ ನಡುವೆ ಕಾರು ಬಂದು ನಿಲ್ಲುವ ಜಾಗ ಪಿಟ್, ಅಲ್ಲಿ ಟೈರ್ ಬದಲಿಸಿ ಇಂಧನ ಹಾಕುವವರು ಪಿಟ್ ಕ್ರೂ. ಜಾಕ್, ಟೈರ್, ಇಂಧನ ಕೆಲಸಗಳನ್ನು ಗುಂಪಾಗಿ ಗಡಿಯಾರಕ್ಕೆ ಎದುರಾಗಿ ಮಾಡಬೇಕು. ಒಬ್ಬರು ಎಷ್ಟೇ ಚುರುಕಾಗಿದ್ದರೂ ಒಟ್ಟು ಸಮಯ ನಿಧಾನದವರದೇ. ನಿಜವಾದ ಕಪ್ ರೇಸ್‌ನಲ್ಲಿ ಈಗ ಪಿಟ್‌ನ ಗೋಡೆ ದಾಟಿ ಕಾರಿನ ಬಳಿ ಬರುವವರು ಐದೇ ಮಂದಿ: ಜಾಕ್ ಹಿಡಿಯುವವರು ಒಬ್ಬರು, ಟೈರ್ ಬಿಚ್ಚಿ ಕಟ್ಟುವವರು ಇಬ್ಬರು, ಟೈರ್ ಹೊತ್ತು ತರುವವರು ಒಬ್ಬರು, ಇಂಧನ ಹಾಕುವವರು ಒಬ್ಬರು. ಮೊದಲು ಬಲಬದಿ, ನಂತರ ಎಡಬದಿ. 2022ರಲ್ಲಿ ಹೊಸ ಕಾರು ಬಂದಾಗ ಪ್ರತಿ ಚಕ್ರದ ಐದು ನಟ್‌ಗಳ ಜಾಗದಲ್ಲಿ ನಡುವೆ ಒಂದೇ ದೊಡ್ಡ ನಟ್ ಬಂತು. ಮುಂಚೆ ನಾಲ್ಕು ಚಕ್ರಕ್ಕೆ ಇಪ್ಪತ್ತು ನಟ್ ಬಿಗಿಯಬೇಕಿತ್ತು, ಈಗ ನಾಲ್ಕು. ಕೆಲಸ ಸುಲಭವಾಯಿತೆಂದು ತಿಳಿಯಬೇಡಿ. ಐದರಲ್ಲಿ ಒಂದು ಸಡಿಲವಾದರೆ ಕಾರು ಓಡುತ್ತಿತ್ತು. ಇರುವ ಒಂದೇ ಒಂದು ಸರಿಯಾಗಿ ಕೂರದಿದ್ದರೆ ಚಕ್ರವೇ ಕಳಚುತ್ತದೆ. ಪಿಟ್ ಸ್ಟಾಪನ್ನು ಹೆಜ್ಜೆ ಹೆಜ್ಜೆಯಾಗಿ ಅಳೆದು ಅಭ್ಯಾಸ ಮಾಡುವ ಪದ್ಧತಿ ಬೆಳೆಸಿದವರು ವರ್ಜೀನಿಯಾದ ವುಡ್ ಸೋದರರು. 1965ರ ಇಂಡಿಯಾನಾಪೊಲಿಸ್ 500ರಲ್ಲಿ ಜಿಮ್ ಕ್ಲಾರ್ಕ್ ಲೋಟಸ್ ಓಡಿಸಿ ಗೆದ್ದಾಗ ಪಿಟ್‌ನಲ್ಲಿ ಕೆಲಸ ಮಾಡಿದ್ದು ಇವರೇ. ಗ್ಲೆನ್ 2012ರಲ್ಲಿ, ಲೆನಾರ್ಡ್ 2013ರಲ್ಲಿ ಸದಸ್ಯರಾದರು. ಕ್ರೂ ಚಾಲೆಂಜ್‌ನಲ್ಲಿ ಬೆವರಿದ ಮೇಲೆ ಈ ಇಬ್ಬರ ಹೆಸರು ಓದಿ ನೋಡಿ.

ಮೇಲಿನ ಮಹಡಿಯ ಹೆರಿಟೇಜ್ ಸ್ಪೀಡ್‌ವೇ ಚರಿತ್ರೆಯ ವಿಭಾಗ. ಅಲ್ಲಿ ತಪ್ಪಿಸಬಾರದ್ದು ಕಳ್ಳಭಟ್ಟಿ ಇಳಿಸುವ ತಾಮ್ರದ ಸಲಕರಣೆ. ಮ್ಯೂಸಿಯಂಗಾಗಿ ಅದನ್ನು ಕಟ್ಟಿಕೊಟ್ಟವರು ಸ್ವತಃ ಜೂನಿಯರ್ ಜಾನ್ಸನ್. ಪೊಲೀಸರಿಂದ ತಪ್ಪಿಸಿಕೊಳ್ಳುತ್ತಾ ಗುಡ್ಡದ ದಾರಿಯಲ್ಲಿ ಸಾರಾಯಿ ಸಾಗಿಸಿ ಡ್ರೈವಿಂಗ್ ಕಲಿತವರು ಅವರು. ಕಳ್ಳಭಟ್ಟಿ ಪ್ರಕರಣದಲ್ಲಿ ಜೈಲೂ ಕಂಡರು, 1986ರಲ್ಲಿ ಅಧ್ಯಕ್ಷ ರೇಗನ್ ಕ್ಷಮಾದಾನ ನೀಡಿದರು. ಡ್ರೈವರ್ ಆಗಿ 50 ಗೆಲುವು, ಮಾಲೀಕರಾಗಿ ಕೇಲ್ ಯಾರ್ಬರೊ ಮತ್ತು ಡ್ಯಾರೆಲ್ ವಾಲ್ಟ್ರಿಪ್ ಅವರ ಮೂಲಕ ತಲಾ ಮೂರರಂತೆ ಆರು ಚಾಂಪಿಯನ್‌ಷಿಪ್. ಸ್ಟೀರಿಂಗ್, ಗ್ಯಾರೇಜ್, ಹಣಕಾಸು ಮೂರನ್ನೂ ಒಬ್ಬರೇ ಹೊತ್ತ ಉದಾಹರಣೆ ಬೇಕಿದ್ದರೆ ಈ ಸಲಕರಣೆಯ ಮುಂದೆ ಸ್ವಲ್ಪ ಹೊತ್ತು ನಿಲ್ಲಬೇಕು.

ಕ್ರಮದ ಬಗ್ಗೆ ಒಂದು ಸಲಹೆ. ಹೆಚ್ಚಿನವರು ಹಾಲ್ ಆಫ್ ಆನರ್ ಅನ್ನು ನಡುವೆ ನೋಡಿ ಮುಂದೆ ಹೋಗಿಬಿಡುತ್ತಾರೆ. ಅದನ್ನು ಕೊನೆಗೆ ಉಳಿಸಿಕೊಳ್ಳಿ, ಮುಚ್ಚುವ ಹೊತ್ತಿಗೆ ಅರ್ಧ ಗಂಟೆ ಇರುವಂತೆ. ಇಸವಿಯ ಪ್ರಕಾರ ಅಲ್ಲದೆ ರೇಸ್ ತಂಡದ ಪ್ರಕಾರ ಓಡಾಡಿ: ಪೆಟಿಯಿಂದ ಇನ್‌ಮನ್‌ಗೆ, ಅಲ್ಲಿಂದ ಮಾರಿಸ್‌ಗೆ, ಪಿಯರ್ಸನ್‌ರಿಂದ ವುಡ್ ಸೋದರರಿಗೆ, ಜಿಮ್ಮಿ ಜಾನ್ಸನ್‌ರಿಂದ ಕ್ನಾಸ್‌ಗೆ, ಮಾಲೀಕ ರಿಕ್ ಹೆಂಡ್ರಿಕ್‌ಗೆ. ಐಸಾಕ್ ಹತ್ತಿರ ಬಂದಾಗ ಮುಂದೆ ಹೋಗಲು ಯಾವ ಹೆಸರೂ ಇರುವುದಿಲ್ಲ.