ಸೊಂಟದೊಳಗಿನ ನಾಲ್ಕು ಹೋಲ್‌ಸ್ಟರ್: ಮಂಡಿಯಲ್ಲಿ ಕೂತು ನೋಡಿದ್ದು

ರಿವಾಲ್ವರನ್ನು ಪ್ಯಾಂಟಿನೊಳಗೆ ಸೊಂಟಕ್ಕೆ ಸಿಕ್ಕಿಸಿಕೊಳ್ಳುವ ಒರೆಗೆ ಹೋಲ್‌ಸ್ಟರ್ ಅಂತಾರೆ. ಕನ್ನಡಿ ಮುಂದೆ ನಿಂತು ನೋಡಿದರೆ ಯಾವ ಹೋಲ್‌ಸ್ಟರ್ ಆದರೂ ಚೆನ್ನಾಗಿಯೇ ಕಾಣುತ್ತದೆ. ಅದರ ಬಣ್ಣ ಬಯಲಾಗುವುದು ಕೂತಾಗ. ನಮ್ಮದು ಕೂರುವ ಕೆಲಸ. ದಾವಣಗೆರೆಯ ಮಂಡಿಯಲ್ಲಿ ಬೆಳಿಗ್ಗೆ ಗಾದಿ ಮೇಲೆ ಕಾಲು ಮಡಚಿ ಕೂತರೆ ಮಧ್ಯಾಹ್ನ ಊಟಕ್ಕೇ ಏಳುವುದು. ಅಡಿಕೆ ಖರೀದಿಗೆ ಭೀಮಸಮುದ್ರದ ಕಡೆ ಹೊರಟರೆ ಕಾರಿನಲ್ಲಿ ಕೂರಬೇಕು. ಸಂಜೆ ಬ್ಯಾಂಕಿಗೆ ಸ್ಕೂಟರ್ ಮೇಲೆ. ಹಾಗಾಗಿ ಈ ಹೋಲಿಕೆಯನ್ನು ಸೊಂಟದ ಕಡೆಯಿಂದ ಓದಿ.

ನನ್ನ ಹತ್ತಿರ ಇರುವುದು ಪಾಯಿಂಟ್ 32 ರಿವಾಲ್ವರ್, ಕಾನ್ಪುರದ ಸರ್ಕಾರಿ ಕಾರ್ಖಾನೆಯದ್ದು. ಆರು ಗುಂಡು ಹಿಡಿಯುತ್ತದೆ. ಖಾಲಿ ಇದ್ದಾಗ ಸುಮಾರು 700 ಗ್ರಾಂ. 2014ರಲ್ಲಿ ಬಂದ ನಿರ್ಭೀಕ್ ಅನ್ನೋ ರಿವಾಲ್ವರ್ ಅರ್ಧ ಕಿಲೋ ಅಷ್ಟೇ. ಗೆಳೆಯರೊಬ್ಬರದ್ದನ್ನು ನೋಡಿ ಹೊಟ್ಟೆ ಉರಿದದ್ದು ನಿಜ. ಆದರೆ ರಿವಾಲ್ವರ್‌ನಲ್ಲಿ ತೂಕಕ್ಕಿಂತ ಜಾಸ್ತಿ ಕಾಟ ಕೊಡುವುದು ಸಿಲಿಂಡರ್, ಅಂದರೆ ಗುಂಡು ತುಂಬುವ ದಪ್ಪ ಉರುಳೆ. ಪಿಸ್ತೂಲು ಚಪ್ಪಟೆ, ಪುಸ್ತಕದ ಹಾಗೆ ಮೈಗೆ ಅಂಟಿಕೊಂಡಿರುತ್ತದೆ. ರಿವಾಲ್ವರ್ ಅಂದರೆ ಸೊಂಟದ ಮೂಳೆ ಹತ್ತಿರ ಒಂದು ನಿಂಬೆಹಣ್ಣು ಸಿಕ್ಕಿಸಿಕೊಂಡ ಹಾಗೆ.

ಇದೆಲ್ಲ ಲೈಸೆನ್ಸ್ ಇರುವವರ ಮಾತು. 2016ರ ಶಸ್ತ್ರಾಸ್ತ್ರ ನಿಯಮಗಳು ಸುಮ್ನೆ ಜೇಬಿಗೆ ಹಾಕಿಕೊಂಡು ಓಡಾಡಲು ಬಿಡುವುದಿಲ್ಲ. ಸಾರ್ವಜನಿಕ ಜಾಗದಲ್ಲಿ ಅದು ಹೋಲ್‌ಸ್ಟರ್‌ನಲ್ಲೋ ಅಂಥದ್ದೇ ಚೀಲದಲ್ಲೋ ಇರಬೇಕು, ಪೂರ್ತಿ ಮುಚ್ಚಿರಬೇಕು, ಒಯ್ಯುವವನ ಹಿಡಿತದಲ್ಲಿ ಇರಬೇಕು. ಬೆಲ್ಟಿನ ಹೊರಗೆ ಕಾಣುವ ಹಾಗೆ ಕಟ್ಟಿಕೊಂಡು ಮೀಸೆ ತಿರುವುವವರು ಇದನ್ನು ಒಂದು ಸಲ ಓದುವುದು ಒಳ್ಳೆಯದು.

ಜನವರಿಯಲ್ಲಿ ಪರೀಕ್ಷೆ ಶುರು ಮಾಡಿದೆ. 2024ರ ಮಾರ್ಚ್ 16ಕ್ಕೆ ಲೋಕಸಭೆ ಚುನಾವಣೆಯ ನೀತಿ ಸಂಹಿತೆ ಬಂತು. ಚುನಾವಣೆ ಮುಗಿಯುವ ತನಕ ಅಂತ ರಿವಾಲ್ವರ್ ಠಾಣೆಗೆ ಹೋಯಿತು, ರಸೀದಿ ಕೈಗೆ ಬಂತು. ಚಿತ್ರದುರ್ಗದಲ್ಲಿ ಏಪ್ರಿಲ್ 26ಕ್ಕೆ ಮತದಾನ, ನಮ್ಮಲ್ಲಿ ಮೇ 7ಕ್ಕೆ. ಎಣಿಕೆ ಜೂನ್ 4ಕ್ಕೆ. ಅಂದರೆ ಬೇಸಿಗೆ ಪೂರ್ತಿ ಸೊಂಟ ಖಾಲಿ. ಬೆವರಿನ ಕಾಲದಲ್ಲಿ ನೋಡದಿದ್ದರೆ ಇದು ಎಂಥ ಪರೀಕ್ಷೆ, ಅಲ್ವಾ? ಪುಣ್ಯಕ್ಕೆ ನನ್ನ ಹತ್ತಿರ ಮರದ ರಿವಾಲ್ವರ್ ಇತ್ತು.

ಅದರದ್ದೊಂದು ಕಥೆ. ನಾಲ್ಕರಲ್ಲಿ ಒಂದನ್ನು ಇಲ್ಲೇ ಊರಲ್ಲಿ ಚರ್ಮದ ಕೆಲಸದ ಹಿರಿಯರೊಬ್ಬರ ಹತ್ತಿರ ಮಾಡಿಸಿದೆ. ಅವರಿಗೆ ಅಳತೆ ಬೇಕು. "ಅದನ್ನ ಇಲ್ಲೇ ಬಿಟ್ಟು ಹೋಗ್ರಿ ಸಾವ್ಕಾರ್ರೆ, ಎರಡು ದಿನದಾಗ ಮಾಡಿ ಇಡ್ತೀನಿ" ಅಂದರು. ಬಿಟ್ಟು ಹೋಗುವುದೆಂದರೇನು! ಲೈಸೆನ್ಸ್ ಇಲ್ಲದವರ ಕೈಗೆ ಕೊಟ್ಟರೆ ಅವರೂ ಸಿಕ್ಕಿಬೀಳುತ್ತಾರೆ, ನಾನೂ ಸಿಕ್ಕಿಬೀಳುತ್ತೇನೆ. ಹಾಗಾಗಿ ಮನೆಯಲ್ಲೇ ಕಾಗದದ ಮೇಲೆ ಗುರುತು ಹಾಕಿ, ದಪ್ಪ ಅಳೆದು, ಬಡಗಿಯವರಿಂದ ಸಾಗುವಾನಿಯಲ್ಲಿ ಒಂದು ಅಚ್ಚು ಮಾಡಿಸಿದೆ. ತೂಕಕ್ಕೆ ಒಳಗೆ ಸೀಸ ಇಳಿಸಿದರು. ಬಣ್ಣ ಹಚ್ಚಿಸಲಿಲ್ಲ, ಮರ ಮರದ ಹಾಗೇ ಕಾಣಲಿ ಅಂತ. ಎರಡೂವರೆ ತಿಂಗಳು ನನ್ನ ಸೊಂಟದಲ್ಲಿ ಇದ್ದದ್ದು ಆ ಸಾಗುವಾನಿ ತುಂಡೇ.

ಮೊದಲು ಬಟ್ಟೆಯದ್ದು. ನೈಲಾನ್ ಬಟ್ಟೆ, ಒಳಗೆ ಸ್ಪಂಜು, ಹೊರಗೊಂದು ಕಬ್ಬಿಣದ ಕ್ಲಿಪ್. ಐನೂರು ರೂಪಾಯಿ. ಕೈಯಲ್ಲಿ ಹಿಡಿದರೆ ದಿಂಬಿನ ಹಾಗೆ ಮೆತ್ತಗೆ. ಮೊದಲ ದಿನ ಇದರಷ್ಟು ಸುಖ ಯಾವುದೂ ಕೊಡಲಿಲ್ಲ. ಮೂರನೇ ದಿನಕ್ಕೆ ಸ್ಪಂಜು ಬೆವರು ಕುಡಿದು ಒದ್ದೆ ಬಟ್ಟೆ ಕಟ್ಟಿಕೊಂಡ ಹಾಗಾಯಿತು. ಅದನ್ನಾದರೂ ತಡೆದುಕೊಳ್ಳಬಹುದು. ತಡೆಯಲಾಗದ್ದು ಇದರ ಬಾಯಿ. ರಿವಾಲ್ವರ್ ಹೊರಗೆ ತೆಗೆದ ಕೂಡಲೇ ಖಾಲಿ ಕಾಲುಚೀಲದ ಹಾಗೆ ಮುಚ್ಚಿಕೊಳ್ಳುತ್ತದೆ. ಮತ್ತೆ ಒಳಗೆ ಹಾಕಬೇಕೆಂದರೆ ನಳಿಗೆಯಿಂದಲೇ ತಡಕಬೇಕು, ಆ ನಳಿಗೆ ತಿರುಗಿರುವುದು ನಿಮ್ಮ ತೊಡೆ ಕಡೆಗೆ. ಟ್ರಿಗರ್ ಇರುವ ಜಾಗದಲ್ಲಿ ಬಟ್ಟೆ ಎಷ್ಟು ತೆಳು ಅಂದರೆ ಹೊರಗಿನಿಂದ ಬೆರಳಲ್ಲಿ ಒತ್ತಿದರೆ ಒಳಗಿನ ಟ್ರಿಗರ್ ಕೈಗೆ ಸಿಗುತ್ತದೆ. ಇನ್ನೊಂದು ದಿನ ಅಭ್ಯಾಸಕ್ಕೆ ಖಾಲಿ ರಿವಾಲ್ವರ್ ಎಳೆದರೆ ಹೋಲ್‌ಸ್ಟರ್ ಕೂಡ ಜೊತೆಗೇ ಕಿತ್ತುಕೊಂಡು ಬಂತು. ಅಲ್ಲಿಗೆ ಅದರ ಅಧ್ಯಾಯ ಮುಗಿಯಿತು.

ಎರಡನೆಯದು ಕೈಡೆಕ್ಸ್. ಬಿಸಿ ಮಾಡಿ ಅಚ್ಚಿಗೆ ಒತ್ತಿ ಮಾಡುವ ಗಟ್ಟಿ ಪ್ಲಾಸ್ಟಿಕ್. ಅಳತೆ ಕಳಿಸಿ ಮಾಡಿಸಿದೆ, ಕೊರಿಯರ್ ಸೇರಿ ಮೂರು ಸಾವಿರದ ಎಂಟುನೂರು. ಮುಟ್ಟಿದರೆ ಬಕೆಟ್ ಮುಟ್ಟಿದ ಹಾಗೆ, ಇದೇನು ಮೈಗೆ ಹೊಂದುತ್ತದೆ ಅನ್ನಿಸಿತ್ತು. ಆದರೆ ಕೆಲಸದಲ್ಲಿ ಇದು ಗಟ್ಟಿಗ. ಒಳಗೆ ಹಾಕಿದರೆ ಟಕ್ ಅಂತ ಒಂದು ಸದ್ದು, ಕೂತಿತು ಅಂತ ಕಣ್ಣು ಮುಚ್ಚಿ ಹೇಳಬಹುದು. ಟ್ರಿಗರ್ ಪೂರ್ತಿ ಮುಚ್ಚಿರುತ್ತದೆ, ಬಾಯಿ ಸದಾ ತೆರೆದಿರುತ್ತದೆ. ಬೆವರು ಹೀರುವುದಿಲ್ಲ, ರಾತ್ರಿ ನೀರಲ್ಲಿ ತೊಳೆದು ಒರೆಸಿಟ್ಟರೆ ಆಯಿತು. ಸ್ಕ್ರೂ ತಿರುಗಿಸಿ ಹಿಡಿತವನ್ನು ಬಿಗಿ, ಸಡಿಲ ಮಾಡಬಹುದು.

ಮೈಗೆ ಮಾತ್ರ ಕರುಣೆ ಇಲ್ಲ. ಬರೀ ಮೈಗೆ ತಾಗಿದರೆ ಒಂದೇ ದಿನಕ್ಕೆ ಕೆಂಪು ಗೆರೆ ಬೀಳುತ್ತದೆ, ಬನಿಯನ್ ಬೇಕೇ ಬೇಕು. ತೂಕ ನೋಡಲು ಬಗ್ಗಿದಾಗ ಮೇಲಿನ ಅಂಚು ಪಕ್ಕೆಗೆ ತಿವಿಯುತ್ತಿತ್ತು. ಕ್ಲಿಪ್ಪನ್ನು ಒಂದು ತೂತು ಮೇಲಕ್ಕೆ ಹಾಕಿದೆ, ಹೋಲ್‌ಸ್ಟರ್ ಅಷ್ಟು ಕೆಳಗೆ ಕೂತಿತು, ತಿವಿತ ಅರ್ಧಕ್ಕರ್ಧ ಕಡಿಮೆಯಾಯಿತು. ಆಮೇಲೆ ಅಂಚಿಗೆ ಉಪ್ಪುಕಾಗದ ಹಾಕಿ ಉಜ್ಜಿದೆ. ರಿವಾಲ್ವರಿನ ಕರಿ ಪಾಲಿಶ್ ಮೇಲೆ ಗೀಚು ಬೀಳುವುದನ್ನು ಮಾತ್ರ ತಪ್ಪಿಸಲಾಗಲಿಲ್ಲ.

ಮೂರನೆಯದು ಊರಲ್ಲೇ ಮಾಡಿಸಿದ ಚರ್ಮದ್ದು. ಸಾವಿರದ ನಾನೂರು. ಮೊದಲ ವಾರ ಎಷ್ಟು ಬಿಗಿ ಅಂದರೆ ಎರಡು ಕೈ ಹಾಕಿದರೂ ಹೊರಗೆ ಬರುತ್ತಿರಲಿಲ್ಲ. ಪ್ಲಾಸ್ಟಿಕ್ ಹಾಳೆ ಸುತ್ತಿದ ಮರದ ಅಚ್ಚನ್ನು ನಾಲ್ಕು ರಾತ್ರಿ ಅದರೊಳಗೇ ಬಿಟ್ಟೆ, ಸರಿಹೋಯಿತು. ಹೊಸ ಚಪ್ಪಲಿಯ ಹಾಗೇ, ಮೊದಲು ಕಚ್ಚಿ ಆಮೇಲೆ ಕಾಲಿಗೆ ಒಗ್ಗುತ್ತದೆ. ಹದಿನೈದು ದಿನಕ್ಕೆ ನನ್ನ ಸೊಂಟದ ಬಾಗು ಅದಕ್ಕೆ ಬಂತು. ಗಾದಿ ಮೇಲೆ ಕೂತಾಗ ಇದರಷ್ಟು ಹಿತ ಇನ್ನೊಂದಿಲ್ಲ, ಇದರಲ್ಲಿ ಎರಡು ಮಾತಿಲ್ಲ.

ತೊಂದರೆ ಶುರುವಾದದ್ದು ಯುಗಾದಿ ಆದ ಮೇಲೆ. ನಮ್ಮೂರ ಬೇಸಿಗೆ ಗೊತ್ತಲ್ಲ, ಫ್ಯಾನ್ ಹಾಕಿದರೆ ಬಿಸಿ ಗಾಳಿಯೇ ತಿರುಗುತ್ತದೆ. ಚರ್ಮ ಬೆವರು ಕುಡಿಯಿತು. ಬಾಯಿ ಹತ್ತಿರ ಮೆತ್ತಗಾಗಿ ಒಂದು ಮಡಿಕೆ ಬಂತು. ಈ ಮಡಿಕೆ ಹುಡುಗಾಟವಲ್ಲ. ಒಳಗೆ ಹಾಕುವಾಗ ಅದು ಬೆರಳಿನ ಹಾಗೆ ಟ್ರಿಗರ್‌ಗೆ ಸಿಕ್ಕಬಹುದು. ಮತ್ತೆ ಅವರ ಹತ್ತಿರ ಹೋದೆ. ನೋಡಿದರು, ಏನೂ ಮಾತಾಡಲಿಲ್ಲ. ಹಳೇ ಶೂಸಿನ ಅಟ್ಟೆ ಒಳಗಿಂದ ಒಂದು ತೆಳು ಉಕ್ಕಿನ ಪಟ್ಟಿ ತೆಗೆದು, ಬಾಯಿಯ ಸುತ್ತ ಎರಡು ಪದರ ಚರ್ಮದ ನಡುವೆ ಇಟ್ಟು ಹೊಲಿದುಕೊಟ್ಟರು. ನೂರೈವತ್ತು ತಗೊಂಡರು. ಆಮೇಲೆ ಬಾಯಿ ಮುಚ್ಚಿದ್ದೇ ಇಲ್ಲ. ಒಳ್ಳೆಯ ಚರ್ಮದ ಹೋಲ್‌ಸ್ಟರ್‌ಗಳಿಗೆ ಈ ಪಟ್ಟಿ ಮೊದಲೇ ಇರುತ್ತದೆ ಅಂತ ನನಗೆ ತಿಳಿದದ್ದು ಆಮೇಲೆ. ಇಷ್ಟಾದರೂ ರಾತ್ರಿ ರಿವಾಲ್ವರನ್ನು ಚರ್ಮದೊಳಗೇ ಬಿಟ್ಟು ಮಲಗುವ ಹಾಗಿಲ್ಲ. ಚರ್ಮದಲ್ಲಿ ನಿಂತ ತೇವಕ್ಕೆ ಕಬ್ಬಿಣ ತುಕ್ಕು ಹಿಡಿಯುತ್ತದೆ. ತೆಗೆದು, ಒರೆಸಿ, ಒಂದು ಹನಿ ಎಣ್ಣೆ ಸವರಿ ಲಾಕರ್‌ಗೆ ಇಡಬೇಕು.

ನಾಲ್ಕನೆಯದು ಎರಡರ ಬೆರಕೆ. ಮೈ ಕಡೆ ಅಗಲವಾದ ಚರ್ಮ, ಹೊರಗೆ ಕೈಡೆಕ್ಸ್ ಚಿಪ್ಪು. ನಾಲ್ಕು ಸಾವಿರದ ಮೇಲಾಯಿತು. ಇದೇ ಗೆಲ್ಲುತ್ತದೆ ಅಂದುಕೊಂಡಿದ್ದೆ. ತೂಕ ಅಗಲಕ್ಕೆ ಹಂಚಿಹೋಗುವುದು ನಿಜ. ಆದರೆ ಅಂಗೈಯಗಲದ ಚರ್ಮ ಸೊಂಟಕ್ಕೆ ಅಂಟಿಕೊಂಡರೆ ಏಪ್ರಿಲ್‌ನಲ್ಲಿ ಏನಾಗುತ್ತದೆ ಅಂತ ಬಿಡಿಸಿ ಹೇಳಬೇಕೇ? ಬೆವರುಸಾಲೆ ಎದ್ದಿತು. ಪ್ಯಾಂಟಿನೊಳಗೆ ಎರಡಿಂಚು ಜಾಗವನ್ನೂ ತಿಂದಿತು. ಚಳಿಗಾಲಕ್ಕೆ ಮತ್ತೆ ನೋಡೋಣ ಅಂತ ಎತ್ತಿಟ್ಟಿದ್ದೇನೆ.

ಇನ್ನು ಎಲ್ಲಿ ಸಿಕ್ಕಿಸುವುದು ಅನ್ನೋದು. ಗಡಿಯಾರದ ಲೆಕ್ಕ ಇಟ್ಟುಕೊಳ್ಳಿ, ಹೊಕ್ಕಳು ಹನ್ನೆರಡು, ಬಲ ಸೊಂಟ ಮೂರು. ಮುಂದೆ, ಅಂದರೆ ಒಂದರ ಜಾಗದಲ್ಲಿ ಇಟ್ಟರೆ ಬೇಗ ಕೈಗೆ ಸಿಗುತ್ತದೆ ಅಂತಾರೆ. ಒಂದು ದಿನ ಹಾಗೇ ಇಟ್ಟುಕೊಂಡು ಬೆಣ್ಣೆದೋಸೆ ತಿನ್ನಲು ಹೋದೆ. ಎರಡನೇ ದೋಸೆಗೆ ಬರುವ ಹೊತ್ತಿಗೆ ಸಾಗುವಾನಿ ಹಿಡಿ ಹೊಟ್ಟೆಯನ್ನು ಒತ್ತುತ್ತಿತ್ತು. ನಳಿಗೆ ಎತ್ತ ತಿರುಗಿದೆ ಅಂತ ನೆನಪಾಗಿ, ಮರದ್ದೇ ಆದರೂ, ಮೂರನೆಯದು ಹೇಳಲಿಲ್ಲ. ಸರಿಯಾಗಿ ಮೂರರಲ್ಲಿ ಇಟ್ಟರೆ ಸಿಲಿಂಡರ್ ನೇರ ಮೂಳೆ ಮೇಲೆ ಕೂರುತ್ತದೆ. ನಾಲ್ಕಕ್ಕೆ ಸರಿಸಿ, ಹಿಡಿಯನ್ನು ಸ್ವಲ್ಪ ಮುಂದಕ್ಕೆ ಬಾಗಿಸಿದರೆ ಮೂಳೆಯ ಹಿಂದಿನ ತಗ್ಗಿಗೆ ಬೀಳುತ್ತದೆ. ಗಾದಿಗೂ ಸ್ಕೂಟರಿಗೂ ಇದೇ ಸರಿ. ಕಾರಿನಲ್ಲಿ ಮಾತ್ರ ಡ್ರೈವರ್ ಸೀಟಿನ ಬಲಗಡೆಯ ಉಬ್ಬು ಹಿಡಿಯನ್ನು ಒಳಕ್ಕೆ ತಳ್ಳುತ್ತದೆ. ಭೀಮಸಮುದ್ರದಿಂದ ವಾಪಸ್ ಬರುವಾಗ ಹೊಳಲ್ಕೆರೆ ದಾಟುವಷ್ಟರಲ್ಲಿ ನಾಲ್ಕು ಸಲ ಅಲ್ಲಾಡಿ ಕೂತಿದ್ದೆ.

ಈ ನಾಲ್ಕನ್ನೂ ಮೀರಿದ ಒಂದು ವಿಷಯಕ್ಕೆ ನಾನು ತಡವಾಗಿ ಬಂದೆ. ಬೆಲ್ಟ್. ಮೊದಲ ತಿಂಗಳು ಮಾಮೂಲಿ ತೆಳು ಬೆಲ್ಟಿನಲ್ಲೇ ಎಲ್ಲವನ್ನೂ ಬೈದುಕೊಂಡಿದ್ದೆ. ಬೆಲ್ಟ್ ಮೆತ್ತಗಿದ್ದರೆ ಹಿಡಿ ಹೊರಕ್ಕೆ ವಾಲುತ್ತದೆ, ಬಿಗಿ ಮಾಡಿದರೆ ಹೊಟ್ಟೆ ಕತ್ತರಿಸುತ್ತದೆ. ಎರಡು ಪದರದ, ಒಂದೂವರೆ ಇಂಚು ಅಗಲದ ಗಟ್ಟಿ ಚರ್ಮದ ಬೆಲ್ಟ್ ಹಾಕಿದ ದಿನ 700 ಗ್ರಾಂ 300 ಗ್ರಾಂ ಆದ ಹಾಗಾಯಿತು. ಜೊತೆಗೆ ಪ್ಯಾಂಟು ಎರಡಿಂಚು ದೊಡ್ಡದು. 36ರ ಜಾಗಕ್ಕೆ 38 ಹೊಲಿಸಿದಾಗ ಮನೆಯವರು, "ಏನ್ರೀ, ದೋಸೆ ಜಾಸ್ತಿ ಆಯ್ತಾ?" ಅಂತ ಕೇಳಿದರು. ನಾನು ಹೌದು ಅಂದುಬಿಟ್ಟೆ.

ಪಂಚೆ ಉಡುವ ದಿನ ಏನು ಮಾಡ್ತೀರಿ ಅಂತ ಕೇಳುವವರಿದ್ದಾರೆ. ಮದುವೆ, ಜಾತ್ರೆಗೆ ನಾನು ಒಯ್ಯುವುದೇ ಇಲ್ಲ. ಅಲ್ಲಿ ಮಕ್ಕಳು ಬಂದು ತೊಡೆ ಮೇಲೆ ಹತ್ತುತ್ತವೆ. ಖುಷಿಗೆ ಗಾಳಿಯಲ್ಲಿ ಗುಂಡು ಹಾರಿಸುವವರಿಗೆ 2019ರ ತಿದ್ದುಪಡಿಯಲ್ಲಿ ಎರಡು ವರ್ಷದವರೆಗೆ ಜೈಲು ಇಟ್ಟಿದ್ದಾರೆ. ಅಂಥವರ ಪಕ್ಕ ಕೂರುವ ಆಸೆಯೂ ನನಗಿಲ್ಲ.

ಜೂನ್‌ನಲ್ಲಿ ರಿವಾಲ್ವರ್ ವಾಪಸ್ ಬಂತು. ಗುಂಡುಗಳನ್ನು ಬೇರೆ ಕೋಣೆಯಲ್ಲಿಟ್ಟು, ಖಾಲಿ ಇದೆ ಅಂತ ಎರಡು ಸಲ ನೋಡಿ, ಒಂದು ವಾರ ತೆಗೆದು ಹಾಕುವ ಅಭ್ಯಾಸ ಮಾಡಿದೆ. ತೆಗೆಯುವುದು ಬೇಗ ಬರುತ್ತದೆ. ಒಳಗೆ ಹಾಕುವುದನ್ನೇ ನಿಧಾನವಾಗಿ ಕಲಿಯಬೇಕು: ಬೆರಳು ಟ್ರಿಗರ್‌ನಿಂದ ದೂರ, ಅಂಗಿಯ ತುದಿ ಎಡಗೈಯಲ್ಲಿ ಮೇಲಕ್ಕೆ, ಕಣ್ಣು ಹೋಲ್‌ಸ್ಟರಿನ ಬಾಯಿ ಮೇಲೆ. ಈಗ ದಿನದ ಓಡಾಟಕ್ಕೆ ಕೈಡೆಕ್ಸ್. ಮಂಡಿಯಲ್ಲಿ ಇಡೀ ದಿನ ಕೂರುವ ದಿನ, ಅದೂ ಮಳೆ ಬಿದ್ದು ತಂಪಾದ ಮೇಲೆ, ಚರ್ಮದ್ದು. ಒಂದೇ ಕೊಳ್ಳುತ್ತೇನೆ ಅನ್ನುವವರು ಕೈಡೆಕ್ಸ್ ತಗೊಳ್ಳಿ, ಉಳಿದ ದುಡ್ಡನ್ನು ಬೆಲ್ಟಿಗೆ ಹಾಕಿ.

ಬಟ್ಟೆಯದ್ದನ್ನು ಬಿಸಾಡಲು ಮನಸ್ಸು ಬರಲಿಲ್ಲ. ನಮ್ಮ ಹಮಾಲರಲ್ಲೊಬ್ಬರು ಕೇಳಿದರು, ಕೊಟ್ಟೆ. ಮೂಟೆ ಎಳೆಯುವ ಕೊಕ್ಕೆಯನ್ನು ಅದರಲ್ಲಿ ಸಿಕ್ಕಿಸಿಕೊಂಡು ಓಡಾಡುತ್ತಿದ್ದಾರೆ. ಚೆನ್ನಾಗಿ ಕೂತಿದೆ ಅಂತಾರೆ.